ಆರಾಧನೆಯೋ, ಕಾರ್ಯಕ್ರಮವೋ? ಪೂರ್ವ ಜರ್ಮನಿಯ ಸಭಾಪಾಲಕರ ನಲವತ್ತು ವರ್ಷ

ಪ್ರಶ್ನೆ: ಕಮ್ಯುನಿಸ್ಟ್ ಆಳ್ವಿಕೆಯಿದ್ದ ಪೂರ್ವ ಜರ್ಮನಿಯಲ್ಲಿ ಚರ್ಚುಗಳನ್ನು ಮುಚ್ಚಿಸಿರಲಿಲ್ಲ ಎಂದು ಓದಿದ್ದೇನೆ. 1989ರಲ್ಲಿ ಆ ಸರ್ಕಾರವನ್ನು ಅಲುಗಿಸಿದ ಚಳವಳಿ ಶುರುವಾಗಿದ್ದೂ ಚರ್ಚುಗಳಲ್ಲೇ ಅಂತೆ. ಹಾಗಾದರೆ ಅಲ್ಲಿನ ಪಾದ್ರಿಗಳ ಮೇಲೆ ಸರ್ಕಾರದ ಹಿಡಿತ ಇರಲಿಲ್ಲವೇ? ಸಂಬಳ ಯಾರು ಕೊಡುತ್ತಿದ್ದರು? ಭಾನುವಾರದ ಪ್ರಸಂಗವನ್ನು ಮೊದಲೇ ಸರ್ಕಾರಕ್ಕೆ ತೋರಿಸಬೇಕಿತ್ತೇ? ಪಾದ್ರಿಗಳಲ್ಲೇ ಗುಪ್ತಚರರಿದ್ದರು ಎನ್ನುವುದು ಎಷ್ಟು ನಿಜ?

ಉತ್ತರ: ಪ್ರಸಂಗವನ್ನು ಮೊದಲೇ ತೋರಿಸಬೇಕಾಗಿರಲಿಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಅರ್ಥವಾಗುವುದು ಸುಲಭ. ಪೂರ್ವ ಜರ್ಮನಿಯ ಸಭಾಪಾಲಕರು ಭಾನುವಾರ ಪೀಠ ಹತ್ತಿ ಏನು ಹೇಳುತ್ತಾರೆ ಎಂಬುದಕ್ಕೆ ಮುಂಚಿತ ಪರಿಶೀಲನೆ ಇರಲಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡು ಹೋಗಿ ವರದಿ ಬರೆಯುವವರು ಹಿಂದಿನ ಸಾಲಿನಲ್ಲಿ ಕೂತಿರಬಹುದು, ಆ ಮಾತು ಬೇರೆ. ಹಿಡಿತ ಇದ್ದದ್ದು ಪೀಠದ ಮೇಲಲ್ಲ, ಅದರ ಸುತ್ತಲಿನ ಎಲ್ಲದರ ಮೇಲೆ: ಮಕ್ಕಳ ಶಾಲೆ, ಕಾಗದ, ಸಿಮೆಂಟು, ಬೇಸಿಗೆ ಶಿಬಿರ, ಮನೆಗೆ ಬಂದ ಅತಿಥಿ. ‘ಇದು ಆರಾಧನೆಯೋ, ಕಾರ್ಯಕ್ರಮವೋ?’ ಎಂಬ ಒಂದೇ ಪ್ರಶ್ನೆ ಅಲ್ಲಿನ ಪಾದ್ರಿಯ ವಾರವನ್ನು ಆಳುತ್ತಿತ್ತು. ಆರಾಧನೆಯಾದರೆ ಅನುಮತಿ ಬೇಡ, ಕಾರ್ಯಕ್ರಮವಾದರೆ ಪೊಲೀಸರಿಗೆ ತಿಳಿಸಬೇಕು. ನಲವತ್ತು ವರ್ಷ ಎರಡೂ ಕಡೆಯವರು ಈ ಗೆರೆಯನ್ನು ತಮ್ಮ ತಮ್ಮ ಕಡೆಗೆ ಎಳೆದಾಡಿದರು.

ಒಂದು ಎಚ್ಚರಿಕೆ. ಎಲ್ಲ ಕಮ್ಯುನಿಸ್ಟ್ ಸರ್ಕಾರಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಅಲ್ಬೇನಿಯಾ 1967ರಲ್ಲಿ ಧರ್ಮಾಚರಣೆಯನ್ನೇ ನಿಷೇಧಿಸಿತು. ಚೆಕೊಸ್ಲೊವಾಕಿಯಾ 1949ರ ಕಾನೂನಿನಲ್ಲಿ ಪಾದ್ರಿಗಳಿಗೆ ತಾನೇ ಸಂಬಳ ಕೊಟ್ಟು, ಸರ್ಕಾರದ ಒಪ್ಪಿಗೆಯಿಲ್ಲದೆ ಸೇವೆ ಮಾಡುವಂತಿಲ್ಲ ಎಂದಿತು. ಒಪ್ಪಿಗೆ ರದ್ದಾದ ಪಾದ್ರಿ ಕಿಟಕಿ ಒರೆಸುವ ಕೆಲಸಕ್ಕೋ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೋ ಹೋಗಬೇಕಾಗುತ್ತಿತ್ತು. ಪೂರ್ವ ಜರ್ಮನಿಯಲ್ಲಿ ಪಾದ್ರಿಯನ್ನು ನೇಮಿಸುವುದು, ವರ್ಗಾಯಿಸುವುದು, ಸಂಬಳ ಕೊಡುವುದು ಎಲ್ಲವೂ ಸಭೆಯ, ಅಂದರೆ ಚರ್ಚ್ ಸಂಸ್ಥೆಯ, ಕೈಯಲ್ಲೇ ಉಳಿಯಿತು. ಆ ಗುಂಪಿನ ದೇಶಗಳಲ್ಲಿ ಇದು ಅಪರೂಪ. ನಮ್ಮ ನೆರೆಯ ಕೇರಳದ ಚುನಾಯಿತ ಎಡ ಸರ್ಕಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡೂ ಇದನ್ನು ಓದಬೇಡಿ. ಅಲ್ಲಿ ಸರ್ಕಾರವನ್ನು ಮತ ಹಾಕಿ ಇಳಿಸಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಪೂರ್ವ ಜರ್ಮನಿಯಲ್ಲಿ ಎರಡೂ ಇರಲಿಲ್ಲ.

ದೇಶ ಹುಟ್ಟಿದ್ದು 1949ರ ಅಕ್ಟೋಬರ್ 7ರಂದು. ಸೋವಿಯತ್ ಪ್ರಭಾವದ ದೇಶಗಳಲ್ಲಿ ಪ್ರೊಟೆಸ್ಟೆಂಟರೇ ಬಹುಸಂಖ್ಯಾತರಾಗಿದ್ದ ದೊಡ್ಡ ದೇಶ ಇದೊಂದೇ. 1950ರ ಜನಗಣತಿಯಲ್ಲಿ ನೂರಕ್ಕೆ ಸುಮಾರು ಎಂಬತ್ತು ಜನ ಪ್ರೊಟೆಸ್ಟೆಂಟರು, ಹನ್ನೊಂದು ಜನ ಕ್ಯಾಥೊಲಿಕರು. ಲೂಥರನ ವಿಟೆನ್‌ಬೆರ್ಗ್, ಬಾಖ್ ಸೇವೆ ಮಾಡಿದ ಲೈಪ್‌ಸಿಗ್ ಎಲ್ಲ ಈ ಭಾಗದಲ್ಲೇ. ಸಭೆಗಳು ಎಂಟು ಪ್ರಾಂತ್ಯಗಳಾಗಿ ಹಂಚಿಹೋಗಿದ್ದವು: ಬರ್ಲಿನ್-ಬ್ರಾಂಡೆನ್‌ಬುರ್ಗ್, ಸಾಕ್ಸನಿ, ಮಾಗ್ಡೆಬುರ್ಗ್ ಕೇಂದ್ರವಾಗಿದ್ದ ಸಾಕ್ಸನಿ ಚರ್ಚ್ ಪ್ರಾಂತ್ಯ, ತೂರಿಂಗಿಯಾ, ಮೆಕ್ಲೆನ್‌ಬುರ್ಗ್, ಗ್ರೈಫ್ಸ್‌ವಾಲ್ಡ್, ಅನ್‌ಹಾಲ್ಟ್, ಗ್ಯೋರ್ಲಿಟ್ಸ್. ಪ್ರತಿಯೊಂದಕ್ಕೂ ತನ್ನದೇ ಸಿನೊಡ್ (ಪ್ರತಿನಿಧಿಗಳ ಮಂಡಳಿ), ತನ್ನದೇ ಆಡಳಿತ. ಇಷ್ಟು ದೊಡ್ಡ ಸಂಸ್ಥೆಯನ್ನು ಒಂದೇ ಏಟಿಗೆ ಮುಗಿಸಲು ಆಗುವುದಿಲ್ಲ ಎಂದು ಪಕ್ಷಕ್ಕೆ ಬೇಗ ಗೊತ್ತಾಯಿತು. ಆದರೆ ಒಮ್ಮೆ ಪ್ರಯತ್ನಿಸಿ ನೋಡಿದ ಮೇಲೆ.

ಆ ಪ್ರಯತ್ನ ನಡೆದದ್ದು 1952-53ರಲ್ಲಿ. ಗುರಿ ಸಭೆಯ ಯುವಜನ ಕೂಟಗಳು. ಗೋಳದ ಮೇಲೆ ಶಿಲುಬೆಯಿದ್ದ ಪುಟ್ಟ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಶಾಲೆಗೆ ಬರುತ್ತಿದ್ದ ಹುಡುಗ ಹುಡುಗಿಯರನ್ನು ಅಮೆರಿಕದ ಏಜೆಂಟರು ಎಂದು ಪಕ್ಷದ ಯುವ ಪತ್ರಿಕೆ ಬರೆಯಿತು. ಶಾಲೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ‘ಕೂಟ ಬಿಡುತ್ತೇನೆ’ ಎಂದು ಹೇಳಿಸುವುದು, ಹೇಳದವರನ್ನು ಹೊರಗೆ ಹಾಕುವುದು ನಡೆಯಿತು. ಸಾವಿರಾರು ವಿದ್ಯಾರ್ಥಿಗಳು ಶಾಲೆ ಕಳೆದುಕೊಂಡರು, ಹತ್ತಾರು ಪಾದ್ರಿಗಳು, ಯುವಜನ ಸೇವಕರು ಜೈಲು ಸೇರಿದರು. ಸ್ಟಾಲಿನ್ ಸತ್ತ ಮೇಲೆ ಮಾಸ್ಕೊದಿಂದಲೇ ‘ಸಾಕು ಮಾಡಿ’ ಎಂಬ ಸೂಚನೆ ಬಂತು. 1953ರ ಜೂನ್ 10ರಂದು ಸರ್ಕಾರ ಸಭೆಯ ಮುಖಂಡರನ್ನು ಕರೆಸಿ ಕ್ರಮಗಳನ್ನು ಹಿಂತೆಗೆದುಕೊಂಡಿತು. ಅದಾದ ಒಂದೇ ವಾರಕ್ಕೆ, ಜೂನ್ 17ರಂದು, ಕಾರ್ಮಿಕರ ದಂಗೆ ಸಿಡಿಯಿತು.

ಆಮೇಲೆ ಪಕ್ಷ ದಾರಿ ಬದಲಿಸಿತು. ಪಾದ್ರಿಯನ್ನು ಹಿಡಿದರೆ ಹುತಾತ್ಮನಾಗುತ್ತಾನೆ. ಸಭೆಯ ಮುಂದಿನ ತಲೆಮಾರನ್ನೇ ಬರದ ಹಾಗೆ ಮಾಡಿದರೆ ಯಾರೂ ಹುತಾತ್ಮರಾಗುವುದಿಲ್ಲ. ಅದಕ್ಕೆ ಆರಿಸಿಕೊಂಡ ಸಾಧನ ‘ಯೂಗೆಂಡ್‌ವೈಹೆ’, ಯೌವನ ದೀಕ್ಷೆ ಎನ್ನೋಣ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಹದಿನಾಲ್ಕರ ವಯಸ್ಸಿಗೆ ದೃಢೀಕರಣ, ಅಂದರೆ ಸಭೆಯ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ವಿಧಿ, ನಡೆಯುತ್ತದೆ. ಹೊಸ ಬಟ್ಟೆ, ನೆಂಟರು, ಉಡುಗೊರೆ. ಅದೇ ವಯಸ್ಸಿಗೆ, ಅದೇ ವಸಂತ ಋತುವಿನಲ್ಲಿ, ಅದೇ ಬಗೆಯ ಸಡಗರದೊಂದಿಗೆ ಸಮಾಜವಾದಕ್ಕೆ ಪ್ರತಿಜ್ಞೆ ಮಾಡಿಸುವ ಸರ್ಕಾರಿ ಸಮಾರಂಭ ಇದು. ಮೊದಲ ಸಮಾರಂಭಗಳು ನಡೆದ 1955ರಲ್ಲಿ ಹೋದವರು ಆರರಲ್ಲಿ ಒಬ್ಬರು ಮಾತ್ರ. ಸಭೆಗಳು ‘ಇದಾದರೂ ಆಗಲಿ, ಅದಾದರೂ ಆಗಲಿ, ಎರಡೂ ಆಗದು’ ಎಂದು ಗಟ್ಟಿಯಾಗಿ ನಿಂತವು. ಆದರೆ ಯೌವನ ದೀಕ್ಷೆ ಇಲ್ಲದ ಹುಡುಗನಿಗೆ ಹೈಸ್ಕೂಲಿನ ಮೇಲಿನ ತರಗತಿಗೆ ಸೀಟು ಸಿಗುವುದು ಕಷ್ಟ ಎಂದು ಮಾಸ್ತರರೇ ಮನೆಮನೆಗೆ ಹೋಗಿ ಹೇಳತೊಡಗಿದಾಗ ತಂದೆತಾಯಂದಿರ ಕೈ ಸಡಿಲವಾಯಿತು. 1959ರ ಹೊತ್ತಿಗೆ ನೂರಕ್ಕೆ ಎಂಬತ್ತು ಮಕ್ಕಳು ಹೋಗುತ್ತಿದ್ದರು. ಕೊನೆಗೆ ಸಭೆಗಳೇ ಬಗ್ಗಿ, ಯೌವನ ದೀಕ್ಷೆ ಮುಗಿಸಿದವರಿಗೆ ಒಂದು ವರ್ಷ ಬಿಟ್ಟು ದೃಢೀಕರಣ ಕೊಡುವ ಪದ್ಧತಿ ಮಾಡಿಕೊಂಡವು. ಈ ನಲವತ್ತು ವರ್ಷದಲ್ಲಿ ಸಭೆ ಸೋತ ಅತಿ ದೊಡ್ಡ ಕದನ ಇದೇ. ಸೋಲಿಗೆ ಕಾರಣ ಪಾದ್ರಿಗಳ ಅಳುಕಲ್ಲ. ಮಗುವಿನ ಭವಿಷ್ಯವನ್ನು ಒತ್ತೆ ಇಡಿ ಎಂದು ಪಾದ್ರಿ ತನ್ನ ಸಭೆಯ ಜನರನ್ನು ಎಷ್ಟು ದಿನ ಕೇಳಿಯಾನು?

ಶಾಲೆಯೊಳಗೆ ಧರ್ಮಬೋಧನೆಗೆ ಜಾಗ ಕಿರಿದಾಗುತ್ತಾ ಹೋಗಿ, ಅದು ಸಭೆಯ ಸ್ವಂತ ಕೊಠಡಿಗಳಿಗೆ ಬಂತು. 1958ರ ಆದೇಶ ಇನ್ನೊಂದು ಗಂಟು ಹಾಕಿತು: ಶಾಲೆಯ ಪಾಠ ಮುಗಿದ ಮೇಲೆ ಎರಡು ಗಂಟೆ ಬಿಡುವಿಲ್ಲದೆ ಧರ್ಮಬೋಧನೆ ನಡೆಸುವಂತಿಲ್ಲ. ಕಾಗದದ ಮೇಲೆ ಮಗುವಿನ ವಿಶ್ರಾಂತಿಗಾಗಿ ಮಾಡಿದ ನಿಯಮ. ಹಳ್ಳಿಯಲ್ಲಿ ಇದರ ಅರ್ಥ, ಬಸ್ ಹೋಗಿಬಿಡುತ್ತದೆ, ಮಗು ಬರುವುದಿಲ್ಲ. ಅಲ್ಲಿನ ನಿಯಮಗಳು ಹೀಗೆಯೇ ಕೆಲಸ ಮಾಡುತ್ತಿದ್ದವು. ‘ಬೇಡ’ ಎಂಬ ಪದ ಎಲ್ಲೂ ಇರುತ್ತಿರಲಿಲ್ಲ.

ಪಾದ್ರಿಯ ಸ್ವಂತ ಮಕ್ಕಳ ಸ್ಥಿತಿ ಇನ್ನೂ ಬಿಗಿ. ಹತ್ತನೇ ತರಗತಿಯವರೆಗೆ ಎಲ್ಲರಿಗೂ ಓದು. ಅಲ್ಲಿಂದ ಮೇಲೆ, ವಿಶ್ವವಿದ್ಯಾಲಯಕ್ಕೆ ಹೋಗಲು ಬೇಕಾದ ‘ಅಬಿಟೂರ್’ ಪರೀಕ್ಷೆಗೆ ತಯಾರು ಮಾಡುವ ಶಾಲೆಗೆ, ಆಯ್ಕೆ ನಡೆಯುತ್ತಿತ್ತು. ಅಂಕ ಒಂದೇ ಸಾಲದು, ತಂದೆಯ ಕಸುಬು, ಪಕ್ಷದ ಯುವ ಸಂಘಟನೆಯ ಸದಸ್ಯತ್ವ ಎಲ್ಲವೂ ಲೆಕ್ಕಕ್ಕೆ. ಎಲ್ಲ ಪಾದ್ರಿಗಳ ಮಕ್ಕಳಿಗೂ ಬಾಗಿಲು ಮುಚ್ಚಿತ್ತು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. 1954ರಲ್ಲಿ ಹಾಂಬುರ್ಗಿನಿಂದ ಪೂರ್ವಕ್ಕೆ ಬಂದ ಪಾದ್ರಿ ಹೋರ್ಸ್ಟ್ ಕಾಸ್ನರ್ ಅವರ ಮಗಳು ದೃಢೀಕರಣವನ್ನೇ ಆರಿಸಿಕೊಂಡಳು, ಯುವ ಸಂಘಟನೆಯಲ್ಲೂ ಇದ್ದಳು, ಲೈಪ್‌ಸಿಗ್‌ನಲ್ಲಿ ಭೌತಶಾಸ್ತ್ರ ಓದಿದಳು. ಅವರೇ ಮುಂದೆ ಜರ್ಮನಿಯ ಚಾನ್ಸಲರ್ ಆದ ಅಂಗೆಲಾ ಮೆರ್ಕೆಲ್. ಇನ್ನೊಂದೆಡೆ ಪಾದ್ರಿ ಊವೆ ಹೋಲ್ಮರ್ ಅವರ ಹತ್ತು ಮಕ್ಕಳಲ್ಲಿ ಬಹುತೇಕರಿಗೆ ಒಳ್ಳೆಯ ಅಂಕವಿದ್ದರೂ ಆ ಶಾಲೆಯ ಬಾಗಿಲು ತೆರೆಯಲಿಲ್ಲ. ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಲಾಗದಿರುವುದೇ ಈ ವ್ಯವಸ್ಥೆಯ ಬಲ. ಖಚಿತವಾಗಿ ಇಲ್ಲ ಎಂದಿದ್ದರೆ ಪಾದ್ರಿ ನಿರ್ಭಯನಾಗುತ್ತಿದ್ದ. ‘ಸಿಕ್ಕರೂ ಸಿಗಬಹುದು’ ಎನ್ನುವ ಆಸೆ ಅವನನ್ನು ಮುಂದಿನ ಭಾನುವಾರ ಒಂದು ವಾಕ್ಯ ನುಂಗುವಂತೆ ಮಾಡುತ್ತಿತ್ತು. ಆಗ ಶಿಕ್ಷಣ ಸಚಿವೆ, 1963ರಿಂದ ಕೊನೆಯವರೆಗೂ, ಪಕ್ಷದ ನಾಯಕ ಎರಿಖ್ ಹೊನೆಕರ್ ಅವರ ಪತ್ನಿ ಮಾರ್ಗೊಟ್. 1990ರ ಜನವರಿ 30ರಂದು, ಅಧಿಕಾರವೂ ಮನೆಯೂ ಇಲ್ಲದ ಈ ದಂಪತಿಗೆ ಲೋಬೆಟಾಲ್ ಊರಿನ ತಮ್ಮ ಮನೆಯಲ್ಲಿ ಎರಡು ತಿಂಗಳು ಜಾಗ ಕೊಟ್ಟವರು ಇದೇ ಹೋಲ್ಮರ್.

ಸೀಟು ಸಿಗದ ಮಕ್ಕಳಿಗೆ ಸಭೆ ತನ್ನದೇ ದಾರಿ ಮಾಡಿತ್ತು. ಪೋಟ್ಸ್‌ಡಾಮ್‌ನ ಹೆರ್ಮಾನ್ಸ್‌ವೆರ್ಡರ್, ನೌಂಬುರ್ಗ್, ಮೋರಿಟ್ಸ್‌ಬುರ್ಗ್ ಊರುಗಳಲ್ಲಿ ಸಭೆಯದೇ ಪೂರ್ವಸಿದ್ಧತಾ ಶಾಲೆಗಳಿದ್ದವು. ಅಲ್ಲಿ ಲ್ಯಾಟಿನ್, ಗ್ರೀಕ್ ಕಲಿತು ಪರೀಕ್ಷೆ ಪಾಸಾದರೆ ಸರ್ಕಾರ ಅದನ್ನು ಮಾನ್ಯ ಮಾಡುವುದಿಲ್ಲ, ಆದರೆ ಸಭೆಯ ಸ್ವಂತ ದೇವಶಾಸ್ತ್ರ ಕಾಲೇಜುಗಳಿಗೆ ಸೇರಬಹುದು. ಬರ್ಲಿನ್, ನೌಂಬುರ್ಗ್, ಲೈಪ್‌ಸಿಗ್‌ನಲ್ಲಿ ಅಂಥವು ಒಂದೊಂದು. ಇದಲ್ಲದೆ ಆರು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ದೇವಶಾಸ್ತ್ರ ವಿಭಾಗಗಳು ಕೊನೆಯವರೆಗೂ ನಡೆದವು. ನಾಸ್ತಿಕ ಸರ್ಕಾರ ದೇವಶಾಸ್ತ್ರ ಪ್ರಾಧ್ಯಾಪಕರಿಗೆ ಸಂಬಳ ಕೊಟ್ಟದ್ದು ಏಕೆ ಎಂದು ಅಚ್ಚರಿಪಡಬೇಕಿಲ್ಲ. ನಾಳಿನ ಪಾದ್ರಿಗಳನ್ನು ತನ್ನ ಕಣ್ಣೆದುರಿಗೇ ಬೆಳೆಸುವುದು ಅದಕ್ಕೆ ಅಗ್ಗದ ಬಾಬತ್ತು. ಬೇರೆ ಯಾವ ವಿಷಯ ಓದಲೂ ಬಿಡದ ಕಾರಣ ದೇವಶಾಸ್ತ್ರಕ್ಕೆ ಬಂದವರೂ ಈ ತಲೆಮಾರಿನಲ್ಲಿ ಕಡಿಮೆಯಿಲ್ಲ. 1989ರ ಪಾದ್ರಿಗಳಲ್ಲಿ ಕಂಡ ದಿಟ್ಟತನಕ್ಕೆ ಇದೂ ಒಂದು ಕಾರಣ.

ಇನ್ನು ಹಣದ ಮಾತು. ಜರ್ಮನಿಯಲ್ಲಿ ಸಭೆಯ ಸದಸ್ಯರ ಆದಾಯದ ಮೇಲೆ ಚರ್ಚ್ ತೆರಿಗೆ ಇದೆ. 1956ರಲ್ಲಿ ಪೂರ್ವ ಜರ್ಮನಿಯ ನ್ಯಾಯ ಸಚಿವೆ ಹಿಲ್ಡೆ ಬೆಂಜಮಿನ್, ಬಾಕಿ ಉಳಿಸಿಕೊಂಡವರಿಂದ ಅದನ್ನು ಕೋರ್ಟ್ ಮೂಲಕ ವಸೂಲಿ ಮಾಡುವಂತಿಲ್ಲ ಎಂದು ಆದೇಶಿಸಿದರು. ತೆರಿಗೆ ಹೆಸರಿಗೆ ಉಳಿಯಿತು, ಕೈಗೆ ಬರುವುದು ಕೊಟ್ಟವರು ಕೊಟ್ಟಷ್ಟು. ಯಾರ ಆದಾಯ ಎಷ್ಟು ಎಂಬ ಪಟ್ಟಿಯೂ ಸಭೆಗೆ ಇಲ್ಲ. ಆದ್ದರಿಂದ ಸಭೆಯ ಕಡೆಯವರು ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿಯಬೇಕಾಯಿತು. ಹಳೆಯ ರಾಜರ ಕಾಲದ ಬಾಧ್ಯತೆಗಳ ಹೆಸರಿನಲ್ಲಿ ಸರ್ಕಾರವೂ ಒಂದಿಷ್ಟು ಹಣ ಕೊಡುತ್ತಲೇ ಇತ್ತು. ಸಂಬಂಧ ಕೆಟ್ಟಾಗ ಅದನ್ನು ತಡೆಹಿಡಿಯುವುದೂ ಇತ್ತು. ಪಾದ್ರಿಯ ಸಂಬಳ ಕಾರ್ಖಾನೆ ಕಾರ್ಮಿಕನ ಸಂಬಳಕ್ಕಿಂತ ಬಹಳ ಕಡಿಮೆ. ಇರಲು ಹಳೆಯ ದೊಡ್ಡ ಪಾದ್ರಿಮನೆ ಸಿಗುತ್ತಿತ್ತು, ಆದರೆ ಅದನ್ನು ಬೆಚ್ಚಗಿಡುವಷ್ಟು ಕಲ್ಲಿದ್ದಲು, ಸೋರುವ ಚಾವಣಿಗೆ ಹೆಂಚು ಹೊಂದಿಸುವುದೇ ಒಂದು ಉದ್ಯೋಗ.

ನಿಜವಾದ ಆಧಾರ ಪಶ್ಚಿಮ ಜರ್ಮನಿಯಿಂದ ಬಂತು. ಪೂರ್ವದ ಪ್ರತಿ ಪ್ರಾಂತ್ಯಕ್ಕೂ ಪಶ್ಚಿಮದ ಜೋಡಿ ಸಭೆಗಳಿದ್ದವು: ಸಾಕ್ಸನಿಗೆ ಹಾನೋಫರ್, ಮೆಕ್ಲೆನ್‌ಬುರ್ಗ್‌ಗೆ ಬವೇರಿಯಾ, ತೂರಿಂಗಿಯಾಗೆ ವ್ಯೂರ್ಟೆಂಬೆರ್ಗ್. (ಬಾಸೆಲ್ ಮಿಷನ್ ಮೂಲಕ ಮಂಗಳೂರಿಗೆ ಬಂದು ‘ಮಂಗಳೂರು ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಇದೇ ವ್ಯೂರ್ಟೆಂಬೆರ್ಗ್‌ನವರು.) ಕಾಫಿ, ಬೂಟು, ಔಷಧ, ಪುಸ್ತಕದ ಪಾರ್ಸೆಲ್‌ಗಳ ಜೊತೆಗೆ ದೊಡ್ಡ ಮಟ್ಟದ ವಹಿವಾಟೂ ಇತ್ತು. ಪಶ್ಚಿಮದ ಸಭೆಗಳು ಪೂರ್ವ ಜರ್ಮನ್ ಸರ್ಕಾರಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಕಳಿಸುವುದು, ಅದರ ಬೆಲೆಯನ್ನು ಸರ್ಕಾರ ಪೂರ್ವದ ಸಭೆಗಳಿಗೆ ಸ್ಥಳೀಯ ಮಾರ್ಕಿನಲ್ಲಿ ಕೊಡುವುದು. ರಾಜಕೀಯ ಕೈದಿಗಳ ಬಿಡುಗಡೆಗೆ ಪಶ್ಚಿಮದ ಸರ್ಕಾರ ತೆತ್ತ ಬೆಲೆಯೂ ಸಭೆಯ ಸೇವಾ ಸಂಸ್ಥೆಯ ಇದೇ ದಾರಿಯಲ್ಲಿ ಹೋಯಿತು. 1963ರಿಂದ 1989ರವರೆಗೆ ಹಾಗೆ ಬಿಡುಗಡೆಯಾದವರು 33,000ಕ್ಕೂ ಹೆಚ್ಚು. ಜನರನ್ನು ಬಿಡಿಸಿದ ಹಣವೇ ಜೈಲು ನಡೆಸುವ ಸರ್ಕಾರವನ್ನೂ ಸಾಕಿತು ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ. ಒಳಗಿದ್ದವರ ಮನೆಯವರ ಮುಂದೆ ನಿಂತು ಅದನ್ನು ಹೇಳುವುದೂ ಕಷ್ಟ.

ಕಟ್ಟಡದ ವಿಷಯದಲ್ಲಿ ಹೊರಗಿನವರಿಗೆ ಅರ್ಥವಾಗದ ಒಂದು ತೊಡಕಿತ್ತು. ಕೈಯಲ್ಲಿ ಹಣವಿದ್ದರೂ ಸಿಮೆಂಟು ಕೊಳ್ಳಲಾಗದು, ಏಕೆಂದರೆ ಯೋಜಿತ ಆರ್ಥಿಕತೆಯಲ್ಲಿ ಎಲ್ಲದಕ್ಕೂ ಹಂಚಿಕೆ ಪಟ್ಟಿ, ಆ ಪಟ್ಟಿಯಲ್ಲಿ ಸಭೆಗೆ ಕೊನೆಯ ಸ್ಥಾನ. ಹೀಗೆ ಬಿದ್ದುಹೋದ ಹಳ್ಳಿ ಚರ್ಚುಗಳು ಅನೇಕ. ಗಟ್ಟಿಮುಟ್ಟಾಗಿದ್ದುದನ್ನೂ ಕೆಡವಿದರು. ಯುದ್ಧದಿಂದ ಬದುಕುಳಿದಿದ್ದ ಲೈಪ್‌ಸಿಗ್‌ನ ವಿಶ್ವವಿದ್ಯಾಲಯ ಚರ್ಚನ್ನು 1968ರ ಮೇ 30ರಂದು ಸಿಡಿಮದ್ದು ಇಟ್ಟು ಉರುಳಿಸಿದರು. ಸ್ಟಾಲಿನ್ ಹೆಸರಿನಲ್ಲಿ ಕಟ್ಟಿ, ಮುಂದೆ ಐಸೆನ್‌ಹ್ಯೂಟೆನ್‌ಷ್ಟಾಟ್ ಎಂದು ಹೆಸರಾದ ಉಕ್ಕಿನ ನಗರದಲ್ಲಿ ಚರ್ಚಿನ ಗೋಪುರಕ್ಕೆ ಜಾಗವೇ ಇಲ್ಲ ಎಂಬುದು ಪಕ್ಷದ ನಿಲುವಾಗಿತ್ತು. ಅಲ್ಲಿನ ಸಭೆಗೆ ಸರಿಯಾದ ಕಟ್ಟಡ ಸಿಕ್ಕಿದ್ದು 1981ರಲ್ಲಿ. 1970ರ ದಶಕದಿಂದ ಪಶ್ಚಿಮದ ಸಭೆಗಳು ವಿದೇಶಿ ವಿನಿಮಯದಲ್ಲಿ ಬೆಲೆ ತೆರಲು ಒಪ್ಪಿದ್ದರಿಂದ ಇದು ಸಾಧ್ಯವಾಯಿತು. ಡಾಲರಿಗೆ ಸಮನಾದ ಹಣ ಕಂಡಾಗ ಸಿಮೆಂಟೂ ಸಿಕ್ಕಿತು.

ಸರ್ಕಾರದ ಕಡೆಯ ಏರ್ಪಾಡು ಹೀಗಿತ್ತು. ಬರ್ಲಿನ್‌ನಲ್ಲಿ 1957ರಲ್ಲಿ ಹುಟ್ಟಿದ ಚರ್ಚ್ ವ್ಯವಹಾರಗಳ ಕಾರ್ಯದರ್ಶಿ ಕಚೇರಿ. ಹೆಸರು ದೊಡ್ಡದು, ತೀರ್ಮಾನಿಸುವ ಅಧಿಕಾರ ಪಕ್ಷದ ಕೇಂದ್ರ ಸಮಿತಿಯ ಚರ್ಚ್ ವಿಭಾಗದಲ್ಲಿ. ಅದರಡಿ ಸರ್ಕಾರದ ಪ್ರತಿ ಆಡಳಿತ ಜಿಲ್ಲೆಗೂ ಚರ್ಚ್ ವಿಷಯಗಳ ಅಧಿಕಾರಿ, ತಾಲ್ಲೂಕಿನಂಥ ಘಟಕಗಳಲ್ಲಿ ಆಂತರಿಕ ವ್ಯವಹಾರ ವಿಭಾಗ. ಊರಿನ ಪಾದ್ರಿಗೆ ಸರ್ಕಾರ ಎಂದರೆ ಈ ಕೊನೆಯ ಕಚೇರಿ. ಅಲ್ಲಿಂದ ‘ಸ್ವಲ್ಪ ಮಾತಾಡೋಣ ಬನ್ನಿ’ ಎಂದು ಕರೆ ಬರುತ್ತದೆ. ಒಂದೇ ಪಟ್ಟಿಗೆ ಮತ ಹಾಕಿಸುವ ಚುನಾವಣೆಗೆ ಮುಂಚೆ ಈ ಕರೆ ಖಚಿತ, ಏಕೆಂದರೆ ಎಷ್ಟು ಪಾದ್ರಿಗಳು ಮತ ಹಾಕಲು ಬಂದರು ಎಂಬ ಪ್ರತ್ಯೇಕ ಲೆಕ್ಕ ಮೇಲಕ್ಕೆ ಹೋಗಬೇಕಿತ್ತು.

ಮೊದಲು ಹೇಳಿದ ಗೆರೆಗೆ ಮರಳೋಣ. 1970ರ ನವೆಂಬರ್‌ನಲ್ಲಿ ಹೊರಟ ಕಾರ್ಯಕ್ರಮಗಳ ಸುಗ್ರೀವಾಜ್ಞೆ ಆರಾಧನೆ, ಬೈಬಲ್ ಅಧ್ಯಯನದಂಥವು ಸಭೆಯ ಕೊಠಡಿಗಳಲ್ಲೇ ನಡೆದರೆ ತಿಳಿಸಬೇಕಿಲ್ಲ ಎಂದಿತು. ಯುವಜನ ಶಿಬಿರ, ಉಪನ್ಯಾಸ, ಸಂಗೀತ ಕಛೇರಿಗಳಿಗೆ ಪೊಲೀಸ್ ನೋಂದಣಿ. ಸಭೆಗಳು ‘ಏನು ಆರಾಧನೆ ಎಂದು ತೀರ್ಮಾನಿಸುವವರು ನಾವು’ ಎಂದು ನೋಂದಣಿ ಮಾಡಿಸದೆ ನಡೆಸಿದವು, ದಂಡ ಬಿತ್ತು, ಕಟ್ಟಲು ನಿರಾಕರಿಸಿದರು, ಮೇಲ್ಮಟ್ಟದಲ್ಲಿ ಮಾತುಕತೆಯಾಯಿತು. ಕೆಳಗಿನ ಪಾದ್ರಿ ಕಲಿತದ್ದು ಮಾತ್ರ ಸರಳ: ಯಾವುದೇ ಕೂಟವಾಗಲಿ, ಒಂದು ವಾಕ್ಯ ಓದು, ಒಂದು ಪ್ರಾರ್ಥನೆ, ಒಂದು ಕೀರ್ತನೆ ಇರಲಿ, ಆಗ ಅದು ಆರಾಧನೆ. 1979ರಿಂದ ಪೂರ್ವ ಬರ್ಲಿನ್‌ನಲ್ಲಿ ಪಾದ್ರಿ ರೈನರ್ ಎಪೆಲ್‌ಮಾನ್ ‘ಬ್ಲೂಸ್ ಆರಾಧನೆ’ ನಡೆಸಿದ್ದು ಹೀಗೆ. ಗಿಟಾರು, ಉದ್ದ ಕೂದಲಿನ ಯುವಕರು ಸಾವಿರಗಟ್ಟಲೆ, ನಡುವೆ ಪಾಪದ ಅರಿಕೆಯೂ ಪ್ರಸಂಗವೂ.

ಕಾಗದಕ್ಕೂ ಇದೇ ತರ್ಕ. ಸಭೆಯ ಐದು ವಾರಪತ್ರಿಕೆಗಳು ಸರ್ಕಾರದ ಪತ್ರಿಕಾ ಕಚೇರಿಯ ಕಣ್ಣು ತಪ್ಪಿಸುವಂತಿರಲಿಲ್ಲ. ಹಂಚುವುದು ಅಂಚೆ ಇಲಾಖೆ, ಆದ್ದರಿಂದ ಒಂದು ಲೇಖನ ಹಿಡಿಸದಿದ್ದರೆ ಇಡೀ ಸಂಚಿಕೆ ನಿಲ್ಲುತ್ತಿತ್ತು. ಆದರೆ ಪಾದ್ರಿಯ ಕಚೇರಿಯ ಸೈಕ್ಲೊಸ್ಟೈಲ್ ಯಂತ್ರದಲ್ಲಿ ತೆಗೆದ ಹಾಳೆಯ ತಲೆಗೆ ‘ಸಭೆಯ ಆಂತರಿಕ ಬಳಕೆಗೆ ಮಾತ್ರ’ ಎಂದು ಬರೆದರೆ ಅದಕ್ಕೆ ಅನುಮತಿ ಬೇಡ. ನದಿ ಮಾಲಿನ್ಯದ, ಸೇನಾ ಸೇವೆ ನಿರಾಕರಣೆಯ, ಮಾನವ ಹಕ್ಕಿನ ಹಾಳೆಗಳೆಲ್ಲ ಈ ಒಂದು ಸಾಲಿನ ಕೊಡೆಯಡಿ ಹೊರಬಂದವು. ಮೇಣದ ಹಾಳೆ ಮತ್ತು ಶಾಯಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಪಶ್ಚಿಮದಿಂದ ಬರಬೇಕು. ಯಂತ್ರ ಯಾರದು, ಎಲ್ಲಿದೆ ಎನ್ನುವುದೇ ಗುಪ್ತಚರರ ಮುಖ್ಯ ಕುತೂಹಲ. 1987ರ ನವೆಂಬರ್ 24ರ ರಾತ್ರಿ ಬರ್ಲಿನ್‌ನ ಸಿಯೋನ್ ಚರ್ಚಿನ ಪರಿಸರ ಗ್ರಂಥಾಲಯಕ್ಕೆ ಅವರು ನುಗ್ಗಿದ್ದು ಇದೇ ಕಾರಣಕ್ಕೆ. ಬಂಧಿತರಿಗಾಗಿ ಜನ ಮೇಣದ ಬತ್ತಿ ಹಿಡಿದು ಚರ್ಚಿನ ಮುಂದೆ ಕೂತರು, ಕೆಲವೇ ದಿನಗಳಲ್ಲಿ ಬಿಡಬೇಕಾಯಿತು.

ಈ ಗೆರೆಯ ಮೇಲೆ ನಡೆದ ಅತ್ಯಂತ ಜಾಣ ನಡೆ ಸಾಕ್ಸನಿಯ ಯುವಜನ ಪಾದ್ರಿ ಹರಾಲ್ಡ್ ಬ್ರೆಟ್‌ಷ್ನೈಡರ್ ಅವರದು. 1978ರ ಸೆಪ್ಟೆಂಬರ್‌ನಿಂದ ಶಾಲೆಗಳಲ್ಲಿ ಸೈನಿಕ ಪಾಠ ಕಡ್ಡಾಯವಾಗಿತ್ತು. ಅದಕ್ಕೆ ಉತ್ತರವಾಗಿ 1980ರಲ್ಲಿ ಸಭೆಗಳು ನಡೆಸಿದ ಹತ್ತು ದಿನಗಳ ಶಾಂತಿ ಆಚರಣೆಗೆ ಒಂದು ಚಿಹ್ನೆ ಬೇಕಿತ್ತು. ಅವರು ಆರಿಸಿದ್ದು ಬೈಬಲಿನ ಪ್ರವಾದಿ ಮೀಕನ ವಾಕ್ಯ, ಕತ್ತಿಗಳನ್ನು ಗುಳಗಳನ್ನಾಗಿ ಬಡಿಯುವರು ಎಂಬುದು. ಅದಕ್ಕೆ ಹೊಂದಿಸಿದ ಚಿತ್ರ ಸೋವಿಯತ್ ಒಕ್ಕೂಟವೇ ವಿಶ್ವಸಂಸ್ಥೆಗೆ 1959ರಲ್ಲಿ ಕೊಟ್ಟ ವಿಗ್ರಹದ್ದು. ಕಾಗದದ ಮೇಲೆ ಅಚ್ಚು ಹಾಕಲು ಅನುಮತಿ ಬೇಕು, ಬಟ್ಟೆಯ ಮೇಲೆ ಹಾಕಿದರೆ ಅದು ಮುದ್ರಣವಲ್ಲ, ಬಟ್ಟೆಯ ಸಂಸ್ಕರಣೆ. ಹಾಗಾಗಿ ಚಿಹ್ನೆಯನ್ನು ತೆಳು ಬಟ್ಟೆಯ ಮೇಲೆ ಒತ್ತಿಸಿದರು. ಯುವಕರು ಅದನ್ನು ಅಂಗಿಯ ತೋಳಿಗೆ ಹೊಲಿದುಕೊಂಡು ಬೀದಿಗೆ ಬಂದಾಗ ಸರ್ಕಾರ ಗಾಬರಿಬಿದ್ದಿತು. ಪೊಲೀಸರು, ಮಾಸ್ತರರು ಅವನ್ನು ಕತ್ತರಿಸಿ ತೆಗೆದರು. ಕೆಲವರು ಆ ತೂತನ್ನು ಹೊಲಿಯದೆ ಹಾಗೆಯೇ ಬಿಟ್ಟುಕೊಂಡು ಓಡಾಡಿದರು.

ಮೇಲ್ಮಟ್ಟದ ಸಂಬಂಧದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಊರಿನ ಪಾದ್ರಿಯ ಬದುಕನ್ನು ಅದು ನಿಧಾನವಾಗಿಯೇ ತಟ್ಟಿತು. 1957ರಲ್ಲಿ ಜರ್ಮನಿಯ ಒಟ್ಟು ಪ್ರೊಟೆಸ್ಟೆಂಟ್ ಒಕ್ಕೂಟ ಪಶ್ಚಿಮದ ಸರ್ಕಾರದೊಂದಿಗೆ ಸೇನಾ ಪಾದ್ರಿಗಳ ಒಪ್ಪಂದ ಮಾಡಿಕೊಂಡಿತು. ‘ನ್ಯಾಟೊ ಚರ್ಚು’ ಎಂದು ಪೂರ್ವದ ಸರ್ಕಾರ ಸಂಪರ್ಕ ಕಡಿಯಿತು. ಬರ್ಲಿನ್ ಗೋಡೆ ಎದ್ದ ಮೇಲೆ ಒಟ್ಟಿಗೆ ಸಿನೊಡ್ ಸೇರುವುದೂ ಆಗದಾಗಿ, 1969ರ ಜೂನ್‌ನಲ್ಲಿ ಎಂಟು ಸಭೆಗಳು ತಮ್ಮದೇ ಒಕ್ಕೂಟ ಮಾಡಿಕೊಂಡವು. ಮುಂದಾಳು ಬಿಷಪ್ ಆಲ್ಬ್ರೆಖ್ಟ್ ಷ್ಯೋನ್‌ಹೆರ್, ಹಿಟ್ಲರನನ್ನು ವಿರೋಧಿಸಿದ ದೇವಶಾಸ್ತ್ರಜ್ಞ ಡೀಟ್ರಿಖ್ ಬೊನ್‌ಹೋಫರ್ ಅವರ ಶಿಷ್ಯ. ‘ಸಮಾಜವಾದದ ಪಕ್ಕದಲ್ಲಲ್ಲ, ಎದುರಿನಲ್ಲಲ್ಲ, ಅದರ ಒಳಗಿನ ಸಭೆ’ ಎಂಬ ಸೂತ್ರ 1971ರಲ್ಲಿ ಬಂತು. ‘ಒಳಗೆ’ ಎಂದರೆ ಬರೀ ವಿಳಾಸವೋ, ಒಪ್ಪಿಗೆಯೋ? ಸರ್ಕಾರ ಒಪ್ಪಿಗೆ ಎಂದು ಓದಿತು, ಬಹಳ ಪಾದ್ರಿಗಳು ವಿಳಾಸ ಎಂದೇ ಓದಿದರು. 1978ರ ಮಾರ್ಚ್ 6ರಂದು ಷ್ಯೋನ್‌ಹೆರ್ ಮತ್ತು ಹೊನೆಕರ್ ಭೇಟಿಯಾದರು. ಟಿವಿಯಲ್ಲಿ ಸಮಯ, ಜೈಲಿನಲ್ಲಿ ಪಾದ್ರಿ ಸೇವೆ, ಹೊಸ ಬಡಾವಣೆಗಳಲ್ಲಿ ಚರ್ಚು, ಸಭೆಯ ನೌಕರರಿಗೆ ಪಿಂಚಣಿ ಸಿಕ್ಕವು. ಶಾಲೆಯ ವಿಷಯದಲ್ಲಿ ಮಾತ್ರ ಏನೂ ಸಿಗಲಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆ, 1976ರ ಆಗಸ್ಟ್ 18ರಂದು, ಪಾದ್ರಿ ಆಸ್ಕರ್ ಬ್ರ್ಯೂಸೆವಿಟ್ಸ್ ಸೈಟ್ಸ್ ಊರಿನ ಚರ್ಚಿನ ಮುಂದೆ ಫಲಕ ನಿಲ್ಲಿಸಿ ಮೈಗೆ ಬೆಂಕಿ ಹಚ್ಚಿಕೊಂಡರು. ನಾಲ್ಕು ದಿನದ ಮೇಲೆ ತೀರಿಕೊಂಡರು. ಫಲಕದಲ್ಲಿದ್ದ ಆರೋಪ ಒಂದೇ: ಶಾಲೆಗಳಲ್ಲಿ ಮಕ್ಕಳ, ಯುವಜನರ ದಮನ. ಪಕ್ಷದ ಪತ್ರಿಕೆ ಅವರನ್ನು ತಲೆ ಸರಿಯಿಲ್ಲದವರು ಎಂದು ಬರೆಯಿತು. ಅದಕ್ಕೂ ಮೊದಲು ಸಭೆಯ ಹಿರಿಯರೇ ಬೇರೆ ಊರಿಗೆ ವರ್ಗ ತೆಗೆದುಕೊಳ್ಳಲು ಅವರಿಗೆ ಹೇಳಿದ್ದರು. ಈ ಸಾವು ಪೂರ್ವದ ಪಾದ್ರಿಗಳನ್ನು ಇವತ್ತಿಗೂ ಬಿಟ್ಟಿಲ್ಲ.

ಕ್ಯಾಥೊಲಿಕ್ ಓದುಗರಿಗೆ ಒಂದು ಮಾತು. ಅವರ ಸಭೆ ಸಣ್ಣದು, ದಾರಿಯೂ ಬೇರೆ. ಸರ್ಕಾರದೊಂದಿಗೆ ಬಿಷಪರು ಅಥವಾ ಅವರು ನೇಮಿಸಿದವರು ಮಾತ್ರ ಮಾತಾಡಬೇಕು, ಪಾದ್ರಿ ತಾನಾಗಿ ಏನೂ ಹೇಳಬಾರದು ಎಂಬ ಶಿಸ್ತು. ಅದರಿಂದ ಒಳಗೆ ಸುಭದ್ರವಾಗಿತ್ತು, ಹೊರಗೆ ಮೌನವಾಗಿತ್ತು.

1989 ಬಂದಾಗ ದೇಶದಲ್ಲಿ ಅನುಮತಿಯಿಲ್ಲದೆ ನೂರು ಜನ ಸೇರಬಹುದಾದ ಚಾವಣಿ ಚರ್ಚಿನದು ಮಾತ್ರ. ಚರ್ಚಿಗೆ ಬಂದವರೆಲ್ಲ ಭಕ್ತರಾಗಿರಲಿಲ್ಲ, ಬಹುತೇಕರು ದೃಢೀಕರಣ ಕಂಡವರೂ ಅಲ್ಲ. ಆ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಸಭೆಯ ಆಶ್ರಯದ ಗುಂಪುಗಳು ಮತಗಟ್ಟೆಗಳಲ್ಲಿ ನಿಂತು ವಿರೋಧ ಮತಗಳನ್ನು ಎಣಿಸಿ, ಪ್ರಕಟವಾದ ಅಂಕಿಯೊಂದಿಗೆ ಹೋಲಿಸಿ ಮೋಸವನ್ನು ಹೊರಗೆಳೆದವು. ಲೈಪ್‌ಸಿಗ್‌ನ ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು, ಕೆಲವು ವರ್ಷ ಬೆರಳೆಣಿಕೆಯ ಜನರೊಂದಿಗೆ. ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಬಾಗಿಲಿನಲ್ಲಿ ‘ಎಲ್ಲರಿಗೂ ತೆರೆದಿದೆ’ ಎಂಬ ಫಲಕ ಇಟ್ಟಿದ್ದರು. ಅಕ್ಟೋಬರ್ 9ರಂದು ಪಕ್ಷ ತನ್ನ ನೂರಾರು ಸದಸ್ಯರನ್ನು ಮಧ್ಯಾಹ್ನವೇ ಒಳಗೆ ಕೂರಿಸಿತು, ಜಾಗವಿರಬಾರದು ಎಂದು. ಅವರೂ ಕೂತು ಯೇಸುವಿನ ಬೆಟ್ಟದ ಪ್ರಸಂಗ ಕೇಳಿದರು. ಹೊರಗೆ ಸುಮಾರು 70,000 ಜನ ನಡೆದರು. ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದು ಕೈ ಅದು ಆರದಂತೆ ಅಡ್ಡ. ಕಲ್ಲು ಹಿಡಿಯಲು ಕೈ ಉಳಿಯಲಿಲ್ಲ, ಗುಂಡೂ ಹಾರಲಿಲ್ಲ.

ಕೊನೆಯದಾಗಿ ಗುಪ್ತಚರರ ಪ್ರಶ್ನೆ. ನಿಜ, ಇದ್ದರು. ರಾಜ್ಯ ಭದ್ರತಾ ಸಚಿವಾಲಯ, ಅಂದರೆ ಸ್ಟಾಸಿ, ಸಭೆಗಳಿಗೆಂದೇ ಒಂದು ವಿಭಾಗ ಇಟ್ಟಿತ್ತು. ಅದರ ಸಂಖ್ಯೆ 20/4. ಪಾದ್ರಿಗಳಲ್ಲಿ ಮಾಹಿತಿದಾರರಾದವರು ಸಣ್ಣ ಭಾಗ, ಆದರೆ ಎಲ್ಲಿ ಕೂತಿದ್ದರು ಎಂಬುದು ಮುಖ್ಯ. ಸಿನೊಡ್‌ಗಳಲ್ಲಿ, ಆಡಳಿತ ಕಚೇರಿಗಳಲ್ಲಿ, ದೇವಶಾಸ್ತ್ರ ವಿಭಾಗಗಳಲ್ಲಿ. ತೂರಿಂಗಿಯಾ ಸಭೆಯ ಉನ್ನತ ಕಾನೂನು ಅಧಿಕಾರಿಯೊಬ್ಬರು ವರ್ಷಗಟ್ಟಲೆ ಅವರಿಗಾಗಿ ಕೆಲಸ ಮಾಡಿದ್ದರು. ಹಿಡಿಯುವ ಕ್ರಮ ಬೆದರಿಕೆಯಿಂದ ಶುರುವಾಗುತ್ತಿರಲಿಲ್ಲ. ನಯವಾಗಿ ಮಾತಾಡುವವರೊಬ್ಬರು ಬಂದು ‘ನಿಮ್ಮ ಸಭೆಯ ಹುಡುಗನಿಗೆ ತೊಂದರೆಯಾಗದಿರಲಿ ಎಂದು ಬಂದೆ, ಈ ಮಾತು ನಮ್ಮಿಬ್ಬರಲ್ಲೇ ಇರಲಿ’ ಎನ್ನುತ್ತಿದ್ದರು. ಆ ಕೊನೆಯ ಮಾತಿನಲ್ಲೇ ಕೊಂಡಿ. ಆದ್ದರಿಂದ ಸಭೆ ತನ್ನ ಕಿರಿಯ ಪಾದ್ರಿಗಳಿಗೆ ಕಲಿಸಿದ ನಿಯಮವೂ ಅಲ್ಲಿಗೇ ಗುರಿಯಿಟ್ಟಿತ್ತು: ಯಾರಾದರೂ ಹಾಗೆ ಬಂದರೆ ಮಾತು ಮುಗಿದ ಕೂಡಲೇ ಮೇಲ್ವಿಚಾರಕರಿಗೋ ಬಿಷಪರಿಗೋ ತಿಳಿಸಿ, ತಿಳಿಸಿದ್ದೀರಿ ಎಂದು ಬಂದವರಿಗೂ ಹೇಳಿ. ಗುಟ್ಟು ಬಯಲಾದ ವ್ಯಕ್ತಿ ಸ್ಟಾಸಿಗೆ ಬೇಡ, ಕಡತ ಮುಚ್ಚುತ್ತಿತ್ತು. ಹೀಗೆ ಒಂದೇ ಮಾತಿನಿಂದ ಪಾರಾದವರ ದಾಖಲೆಗಳು ಬಹಳ ಸಿಗುತ್ತವೆ. ಮಗನ ಓದು, ಮದುವೆಯಾಚೆಯ ಸಂಬಂಧ, ಕುಡಿತ, ಇವುಗಳಲ್ಲಿ ಯಾವುದೋ ಒಂದನ್ನು ಬಿಷಪರಿಗೆ ಹೇಳಿಕೊಳ್ಳಲಾಗದೆ ಸಿಕ್ಕಿಬಿದ್ದವರದ್ದೂ ಸಿಗುತ್ತವೆ.

ಬಗ್ಗದವರಿಗೆ ಇನ್ನೊಂದು ಉಪಾಯ ಇತ್ತು. 1976ರ ಜನವರಿಯ ಸ್ಟಾಸಿ ನಿರ್ದೇಶನದಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ ‘ಕೊಳೆಯಿಸುವುದು’. ಪಾದ್ರಿಯ ಬಗ್ಗೆ ಸಹಿಯಿಲ್ಲದ ಪತ್ರ, ಹೆಂಡತಿಗೆ ಅನುಮಾನ ಬರುವಂಥ ಗಾಳಿಸುದ್ದಿ, ಸಭೆಯ ಹಿರಿಯರೊಳಗೆ ಜಗಳ ಹಚ್ಚುವುದು. ಬಂಧನವಿಲ್ಲ, ಮೊಕದ್ದಮೆಯಿಲ್ಲ, ಹುತಾತ್ಮನೂ ಇಲ್ಲ.

1991ರ ಡಿಸೆಂಬರ್‌ನ ಕಾನೂನಿನ ಪ್ರಕಾರ 1992ರ ಜನವರಿಯಿಂದ ಜನ ತಮ್ಮ ತಮ್ಮ ಕಡತಗಳನ್ನು ತಾವೇ ಓದಬಹುದಾಯಿತು. ಆ ಸ್ಟಾಸಿ ಕಡತಗಳ ಕಚೇರಿಯನ್ನು ಮೊದಲ ಹತ್ತು ವರ್ಷ ನಡೆಸಿದವರು ರೋಸ್ಟಾಕ್‌ನ ಪಾದ್ರಿ ಯೋಆಖಿಮ್ ಗೌಕ್, ಮುಂದೆ 2012ರಲ್ಲಿ ಜರ್ಮನಿಯ ರಾಷ್ಟ್ರಪತಿಯಾದವರು. ಅರ್ಜಿ ಕೊಟ್ಟರೆ ಕಡತದ ಪ್ರತಿ, ಮತ್ತೊಂದು ಅರ್ಜಿ ಕೊಟ್ಟರೆ ಅದರಲ್ಲಿನ ಮಾಹಿತಿದಾರರ ಗುಪ್ತನಾಮದ ಹಿಂದಿನ ನಿಜ ಹೆಸರು. ಮೊದಲ ಅರ್ಜಿ ಹಾಕಿ, ಎರಡನೆಯದನ್ನು ಹಾಕದೆ ಮನೆಗೆ ಮರಳಿದ ಪಾದ್ರಿಗಳೂ ಇದ್ದಾರೆ.